ಎಂಟು ಚೆಂಡಿಗೆ ಎರಡು ಅಟ್ಟೆ

ಮಣಿಪಾಲದ ಸರಕಾರಿ ಕಟ್ಟಡವೊಂದರ ಮೊದಲ ಮಹಡಿಯ ಸಭಾಂಗಣದಲ್ಲಿ, ಸಾರ್ವಜನಿಕರು ಮಾತಾಡಲೆಂದು ಇಟ್ಟಿದ್ದ ಮೈಕಿನ ಎಡಬದಿಗೆ ನಾನು ನಿಂತಿದ್ದೆ. ಗೋಡೆಗೆ ಒರಗಿರಲಿಲ್ಲ. ನನಗೂ ಮೈಕಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿತ್ತು. ಅಲ್ಲಿ ಶಾಲೆಯೊಂದರ ಹುಡುಗಿಯ ತಾಯಿ ನಿಂತಿದ್ದರು. ಎದುರಿನ ಗೋಡೆಯ ಬಿಳಿ ಪರದೆ ನನಗೆ ನೇರವಾಗಿ ಕಾಣುತ್ತಿತ್ತು. ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಿ ಕೆಲವು ದಿನಗಳಾಗಿದ್ದವು. ಮಧ್ಯಾಹ್ನದ ಊಟಕ್ಕೆ ಏಳುವ ಸ್ವಲ್ಪ ಮೊದಲಿನ ಹೊತ್ತು.

ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಅಂದು ಪರದೆಯ ಮೇಲೆ ಮೂಡಿದ ವಾಕ್ಯವನ್ನು ನಾನು ಯಾರಿಂದಲೋ ಕೇಳಿ ತಿಳಿದದ್ದಲ್ಲ. ಗುಮಾಸ್ತ ಕೀಲಿಮಣೆ ಒತ್ತಿದ ಹಾಗೆ ಅದು ಅಕ್ಷರ ಅಕ್ಷರವಾಗಿ ಬರುವುದನ್ನು ನೋಡಿದೆ. ಆಗ ಮೈಕಿನ ಎದುರು ನಿಂತಿದ್ದವರು ಒಬ್ಬ ಅತಿಥಿ ಶಿಕ್ಷಕಿ. ಬರುವ ಜೂನಿನಲ್ಲಿ ಅವರಿಗೆ ಶಾಲೆ ಇರುತ್ತದೆಯೋ ಇಲ್ಲವೋ ಎಂಬುದು ಆ ಸಭೆಯಲ್ಲಿ ಏನು ಬರೆದುಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿತ್ತು.

ನಾನು ಕಾರ್ಕಳದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಮನೆ ಕಾಪುವಿನಲ್ಲಿ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ, ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ದಾಟಿ ದಿನಾ ಹೋಗಿ ಬರುತ್ತೇನೆ. ಸರಕಾರ ಮಕ್ಕಳ ಕಲಿಕೆಯನ್ನು ಎಣಿಸುವುದರ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ. ಮೂರನೇ ತರಗತಿಯ ಎಷ್ಟು ಮಕ್ಕಳಿಗೆ ಓದಲು ಬರುತ್ತದೆ, ಎಷ್ಟು ಮಕ್ಕಳಿಗೆ ಕೂಡಲು ಬರುತ್ತದೆ ಎಂದು ಲೆಕ್ಕ ಹಾಕದೆ ಹೋದರೆ ಬರದಿರುವ ಮಕ್ಕಳು ಕಣ್ಣಿಗೇ ಬೀಳುವುದಿಲ್ಲ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ನಾನು. ಹಾಗಾಗಿ ಕಲಿಕಾ ಸಾಧನೆಯ ಸಮೀಕ್ಷೆಗೆ ಕಾಲೇಜಿನವರು ವೀಕ್ಷಕರಾಗಿ ಬರಬೇಕು ಎಂಬ ಆದೇಶ ಬಂದಾಗ, ಸಹೋದ್ಯೋಗಿಗಳು ತಪ್ಪಿಸಿಕೊಳ್ಳಲು ನೋಡಿದರೂ ನಾನು ಸಂತೋಷದಿಂದಲೇ ಹೋದೆ.

ನನಗೆ ಸಿಕ್ಕಿದ ಶಾಲೆ ಕಾಪುವಿನಿಂದ ಸ್ವಲ್ಪ ಒಳಗೆ, ಮಲ್ಲಿಗೆ ಬೆಳೆಯುವ ಊರಿನಲ್ಲಿತ್ತು. ಅಲ್ಲಿ ಮನೆಯಂಗಳವೆಂದರೆ ಮಲ್ಲಿಗೆ ಗಿಡ. ಕ್ರೈಸ್ತರ ಮನೆಯಾಗಲಿ, ಬಂಟರ ಮನೆಯಾಗಲಿ, ಬಿಸಿಲೇರುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಕೊಳ್ಳುವವರ ಕಟ್ಟೆಗೆ ಮುಟ್ಟಿಸಬೇಕು. ಮಕ್ಕಳು ಸಮವಸ್ತ್ರ ಹಾಕಿಕೊಂಡೇ ಮೊಗ್ಗು ಕೊಯ್ಯುತ್ತಾರೆ. ಕಟ್ಟಿದ ಮಾಲೆಯನ್ನು ಸುರುಳಿ ಸುತ್ತಿದರೆ ಅದಕ್ಕೆ ಚೆಂಡು ಎಂದು ಹೆಸರು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ಕೂಗುವುದು ಅಟ್ಟೆಗೆ, ಲೆಕ್ಕ ಹೇಳುವುದು ಅಟ್ಟೆಯಲ್ಲಿ. ಎಂಟು ಚೆಂಡು ಕಟ್ಟಿದ ಹೆಂಗಸು ಎಂಟು ಚೆಂಡು ಆಯಿತು ಎಂದು ಹೇಳುವುದೇ ಇಲ್ಲ, ಎರಡು ಅಟ್ಟೆ ಆಯಿತು ಎನ್ನುತ್ತಾಳೆ. ಮಕ್ಕಳು ಆಡುವ ಚೆಂಡಿಗೆ ಆ ಊರಿನಲ್ಲಿ ಯಾರೂ ಚೆಂಡು ಎನ್ನುವುದಿಲ್ಲ. ಅದು ಬಾಲ್.

ಸಮೀಕ್ಷೆಯ ದಿನ ನಾನು ಮೂರನೇ ತರಗತಿಯ ಹಿಂಬಾಗಿಲಲ್ಲಿದ್ದೆ. ತರಗತಿಯ ಟೀಚರ್ ಒಳಗೆ ಇರುವಂತಿರಲಿಲ್ಲ, ನಿಯಮ ಹಾಗೆ. ಪ್ರಶ್ನೆಗಳನ್ನು ಓದಿ ಹೇಳಲು ಬಂದವಳು ಉಡುಪಿಯಲ್ಲಿ ಬಿ.ಎಡ್. ಓದುತ್ತಿದ್ದ ಹುಡುಗಿ. ಘಟ್ಟದ ಮೇಲಿನವಳು, ಊರು ಬಿಟ್ಟು ಬಂದು ಹೆಚ್ಚು ಕಾಲವಾಗಿರಲಿಲ್ಲ. ಒಳ್ಳೆಯ ಸ್ವರ. ಪ್ರತಿ ಪ್ರಶ್ನೆಯನ್ನೂ ಎರಡು ಬಾರಿ ನಿಧಾನವಾಗಿ ಓದುತ್ತಿದ್ದಳು. ಮಕ್ಕಳು ನಾಲ್ಕು ಉತ್ತರಗಳಲ್ಲಿ ಒಂದರ ಪಕ್ಕದ ವೃತ್ತವನ್ನು ಕಪ್ಪು ಮಾಡಬೇಕು.

ಕೂಡುವ ಲೆಕ್ಕದ ಭಾಗ ಬಂತು. ಅದಿಡೀ ಒಂದು ಬುಟ್ಟಿಯ ಮೇಲೆ ನಿಂತಿತ್ತು.

"ಒಂದು ಬುಟ್ಟಿಯಲ್ಲಿ ಮೂರು ಚೆಂಡುಗಳಿವೆ. ಇನ್ನೂ ಐದು ಚೆಂಡುಗಳನ್ನು ಅದಕ್ಕೆ ಹಾಕಿದರು. ಈಗ ಒಟ್ಟು ಎಷ್ಟಾಯಿತು?"

ಪ್ರಶ್ನೆಯ ಜತೆ ಚಿತ್ರ ಇರಲಿಲ್ಲ. ಉತ್ತರಗಳು ೨, ೭, ೮, ೧೫. ಎರಡನೇ ಸಾಲಿನ ತುದಿಯಲ್ಲಿ ಕೂತಿದ್ದ ಹುಡುಗಿ ಕೈ ಎತ್ತಿದಳು.

"ಟೀಚರ್, ಅಟ್ಟೆಯಲ್ಲಿ ಹೇಳ್ಬೇಕಾ?"

"ಏನು, ಅಟ್ಟನಾ?" ಬಿ.ಎಡ್. ಹುಡುಗಿ ತಲೆಯೆತ್ತಿ ಹಂಚಿನ ಮಾಡಿನ ಕಡೆ ನೋಡಿದಳು. "ಅಟ್ಟದ ಮೇಲೆ ಏನೂ ಇಲ್ಲಮ್ಮ. ಪೇಪರ್ ನೋಡ್ಕೊಂಡು ಬರಿ."

ಮಕ್ಕಳು ನಕ್ಕರು. ಅವಳೂ ನಕ್ಕಳು. ಬಳಿಕ ಪೇಪರಿನ ಮೇಲೆ ತಲೆಗಳು ಬಗ್ಗಿದವು. ನಾನು ಹಿಂದಿನಿಂದ ನೋಡುತ್ತಿದ್ದೆ. ಕೈ ಎತ್ತಿದ ಹುಡುಗಿ ತುಟಿ ಅಲ್ಲಾಡಿಸಿ ಎಂಟರವರೆಗೆ ಎಣಿಸಿದಳು, ಒಂದು ಕೈಯ ನಾಲ್ಕು ಬೆರಳು ಮಡಚಿದಳು, ಇನ್ನೊಂದು ಕೈಯ ನಾಲ್ಕು ಬೆರಳು ಮಡಚಿದಳು, ಆಮೇಲೆ ಮೊದಲನೇ ವೃತ್ತವನ್ನು ಕಪ್ಪು ಮಾಡಿದಳು. ಎರಡು. ಅವಳ ಪಕ್ಕದವಳೂ ಎರಡು. ಎದುರಿನ ಸಾಲಿನಲ್ಲೂ ಅದೇ. ಮನೆಯಲ್ಲಿ ಮಲ್ಲಿಗೆ ಇಲ್ಲದ ಕೆಲವು ಮಕ್ಕಳು ಮಾತ್ರ ಎಂಟಕ್ಕೆ ಹಾಕಿದರು. ಹಾಕಿದವರೂ ಅಕ್ಕಪಕ್ಕ ನೋಡಿ ಅನುಮಾನಪಟ್ಟರು. ಮುಂದಿನ ಪ್ರಶ್ನೆಯಲ್ಲಿ ಅದೇ ಬುಟ್ಟಿಯಲ್ಲಿ ಒಂಬತ್ತು ಚೆಂಡಾಗಬೇಕಿತ್ತು. ಎರಡೂ ಕಾಲು ಅಟ್ಟೆ ಎಂಬ ಉತ್ತರ ಅಲ್ಲಿರಲಿಲ್ಲ. ತುಂಬ ಮಕ್ಕಳು ಏನೂ ಹಾಕದೆ ಬಿಟ್ಟರು.

ಬಾಯಿ ತೆರೆಯುವ ಅಧಿಕಾರ ವೀಕ್ಷಕನಿಗೆ ಇಲ್ಲ. ಮುಗಿದ ಮೇಲೆ ಜಗಲಿಯಲ್ಲಿ ಬಿ.ಎಡ್. ಹುಡುಗಿಗೆ ಹೇಳಿದೆ, ಇಲ್ಲಿ ಚೆಂಡು ಅಂದರೆ ಹೂ ಎಂದು. ಅವಳ ಮುಖ ಇಳಿದುಹೋಯಿತು.

"ಅಯ್ಯೋ ಸರ್, ನಂಗೇನು ಗೊತ್ತು? ಇರೋದನ್ನ ಬಿಟ್ಟು ಒಂದು ಪದ ಜಾಸ್ತಿ ಹೇಳಬಾರದು ಅಂತ ಟ್ರೇನಿಂಗಲ್ಲಿ ಹೇಳಿದಾರೆ."

ಸಮೀಕ್ಷೆಯ ಉಸ್ತುವಾರಿ ವಹಿಸಿದ್ದವರಿಗೆ ಅಲ್ಲಿಂದಲೇ ಫೋನು ಮಾಡಿದೆ. ನಕಲು ನಡೆಯಿತಾ ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಎಲ್ಲ ಸರಿ ಉಂಟಲ್ಲ ಸಾರ್" ಎಂದು ಫೋನು ಇಟ್ಟರು. ಮುಖ್ಯೋಪಾಧ್ಯಾಯರು ನಿವೃತ್ತಿಯ ಅಂಚಿನಲ್ಲಿದ್ದ ಮೃದು ಮನುಷ್ಯ. ಅವರು ನನ್ನನ್ನೇ ಸಮಾಧಾನ ಮಾಡಿದರು: "ಇದರಲ್ಲಿ ಮಕ್ಕಳ ಹೆಸರು ಇಲ್ಲ, ಶಾಲೆಯ ಹೆಸರು ಹೊರಗೆ ಬರುದಿಲ್ಲ ಅಂತ ಹೇಳಿದ್ದಾರೆ. ರಾಜ್ಯಕ್ಕೆ ಒಂದು ಅಂದಾಜು ಸಿಗ್ಲಿಕ್ಕೆ ಅಂತ ಮಾಡುದು. ಬಿಡಿ."

ಅಡುಗೆ ಕೋಣೆಯ ಜಗಲಿಯಲ್ಲಿ ಕಾಯುತ್ತಿದ್ದ ಟೀಚರ್ ಆಗ ಓಡಿಬಂದರು. ಅವರು ಉಚ್ಚಿಲದವರು, ಬ್ಯಾರಿ ಮನೆಮಾತಿನವರು. ಕಾಯಂ ಕೆಲಸವಲ್ಲ, ಅತಿಥಿ ಶಿಕ್ಷಕರನ್ನು ಜೂನಿನಲ್ಲಿ ತೆಗೆದುಕೊಂಡು ಮಾರ್ಚಿನಲ್ಲಿ ಬಿಡುತ್ತಾರೆ, ಮತ್ತೆ ಜೂನಿನಲ್ಲಿ ಕರೆಯಬೇಕು. ವರ್ಷ ವರ್ಷ ಹಾಗೆಯೇ ಕರೆಸಿಕೊಂಡು ಬಂದವರು. ಗಲ್ಫಿನಲ್ಲಿದ್ದ ಗಂಡ ಬೆನ್ನು ಕೆಡಿಸಿಕೊಂಡು ಬಂದು ಮನೆಯಲ್ಲಿದ್ದರು. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿ ಕನ್ನಡ ಓದಲು ಕಲಿಸುತ್ತಿದ್ದರು. ಅವರ ಕನ್ನಡ ಪುಸ್ತಕದ ಹಾಗೆ ಇರುತ್ತಿತ್ತು, ಒಂದು ಅಕ್ಷರವನ್ನೂ ನುಂಗುತ್ತಿರಲಿಲ್ಲ.

"ಎಷ್ಟು ಹಾಕಿದಿರಿ ಮಕ್ಕಳೇ ಬುಟ್ಟಿಗೆ?"

"ಎರಡೂ!" ಎಂದು ಹೆಚ್ಚಿನ ಮಕ್ಕಳು ಒಟ್ಟಿಗೆ ಕೂಗಿದರು.

ಅವರು ಮೊದಲು ನಕ್ಕರು. ಅದು ಹೆಮ್ಮೆಯ ನಗು. ಮೂರನೇ ತರಗತಿಯ ಮಕ್ಕಳು ಕೂಡಿ, ನಾಲ್ಕರಿಂದ ಭಾಗಿಸಿದ್ದರು. ಬಳಿಕ ನನ್ನ ಮುಖ ನೋಡಿದರು. "ಉತ್ತರ ಎಂಟಾ ಸರ್?" ಎಂದು ಕೇಳಿದರು. ಹೌದು ಎಂದೆ. ಅವರು ಮಕ್ಕಳನ್ನು ಊಟಕ್ಕೆ ಸಾಲು ಮಾಡಿಸಿದರು.

ಫಲಿತಾಂಶ ಬಂದದ್ದು ಬೇಸಿಗೆಯ ಹೊತ್ತಿಗೆ. ಹೊರಗೆ ಬರುವುದಿಲ್ಲ ಎಂದಿದ್ದ ಶಾಲೆಯ ಹೆಸರು ಹೊರಗೆ ಬಂತು. ಬಂದದ್ದಷ್ಟೇ ಅಲ್ಲ, ಬಣ್ಣದಲ್ಲಿ ಬಂತು. ಹಸಿರು ಶಾಲೆಗಳು, ಹಳದಿ ಶಾಲೆಗಳು, ಕೆಂಪು ಶಾಲೆಗಳು. ಮಲ್ಲಿಗೆ ಊರಿನ ಶಾಲೆ ಕೆಂಪು. ಕೆಳಗೆ ವಿಶ್ಲೇಷಣೆ ಬೇರೆ ಇತ್ತು: ಈ ಶಾಲೆಯ ಹೆಚ್ಚಿನ ಮಕ್ಕಳು ಕೂಡುವ ಲೆಕ್ಕವನ್ನು ಕಳೆಯುವ ಲೆಕ್ಕವೆಂದು ತಿಳಿಯುತ್ತಾರೆ. ಅದನ್ನು ಬರೆದವನ ತರ್ಕ ನನಗೆ ತಕ್ಷಣ ತಿಳಿಯಿತು, ನಾನೂ ಅದೇ ಕಸುಬಿನವನಲ್ಲವೇ. ಐದರಲ್ಲಿ ಮೂರು ಕಳೆದರೆ ಎರಡು. ಮಗು ಎರಡಕ್ಕೆ ಗುರುತು ಹಾಕಿದರೆ ಮಗು ಕಳೆದಿದೆ. ಕಾಗದದ ಮೇಲೆ ಅದರಲ್ಲಿ ತಪ್ಪೇ ಇಲ್ಲ. ಆ ತರ್ಕ ಎಷ್ಟು ಶುದ್ಧವಾಗಿತ್ತೆಂದರೆ, ಆ ತರಗತಿಯಲ್ಲಿ ನಿಂತಿರದಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆ.

ಅಂದು ಸಂಜೆ ಮುಖ್ಯೋಪಾಧ್ಯಾಯರು ನಮ್ಮ ಮನೆಗೆ ಬಂದರು. ಕೆಂಪು ಶಾಲೆಗಳ ಅತಿಥಿ ಶಿಕ್ಷಕರನ್ನು ಮತ್ತೆ ಕರೆಯುವುದನ್ನು ತಡೆಹಿಡಿದಿದ್ದಾರೆ, ವಿವರಣೆ ಇದ್ದರೆ ಸಾರ್ವಜನಿಕ ಅಭಿಪ್ರಾಯದ ಸಭೆಯಲ್ಲಿ ಹೇಳಿ ದಾಖಲಿಸಬೇಕಂತೆ, ದಾಖಲಾದರೆ ಮರುಪರಿಶೀಲನೆ ಉಂಟಂತೆ ಎಂದರು. ಸಭೆ ಕರೆದದ್ದು ಬೇರೊಂದು ವಿಷಯಕ್ಕೆ. ಮುಂದಿನ ಸಮೀಕ್ಷೆಗಳಲ್ಲಿ ಪ್ರತಿ ಮಗುವಿನ ಅಂಕವನ್ನೂ ಆ ಮಗುವಿನ ಗುರುತಿನ ಸಂಖ್ಯೆಯ ಜತೆ, ಕಲಿಸಿದವರ ಹೆಸರಿನ ಜತೆ ಸೇರಿಸಿ ಇಡುವ ಯೋಚನೆಗೆ ಜನರ ಅಭಿಪ್ರಾಯ ಬೇಕಿತ್ತು.

"ನೀವು ಲೆಕ್ಕದವರು, ನೀವು ಹೇಳಿದ್ರೆ ಕೇಳ್ತಾರೆ" ಎಂದರು ಮುಖ್ಯೋಪಾಧ್ಯಾಯರು. ನನಗೂ ಹಾಗೆಯೇ ಅನಿಸಿತ್ತು.

ಸಭೆಗೆ ಹೋದವರು ನಾಲ್ವರು. ಟೀಚರ್, ನಾನು, ಮುಖ್ಯೋಪಾಧ್ಯಾಯರು, ಮತ್ತು ಅಟ್ಟೆಯಲ್ಲಿ ಹೇಳಬೇಕಾ ಎಂದು ಕೇಳಿದ ಹುಡುಗಿಯ ತಾಯಿ. ಆಕೆ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸು. ಬೆಳಿಗ್ಗಿನ ಹೂವಿನಲ್ಲಿ ನಾಲ್ಕು ಚೆಂಡನ್ನು ಕಟ್ಟೆಗೆ ಕೊಡದೆ ಬಾಳೆಎಲೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸು ಹತ್ತಿದೆವು. ಬಸ್ಸಿಡೀ ಘಮಘಮ.

"ಇದು ಎಂತಕ್ಕೆ ಬಾಯಮ್ಮಾ?" ಎಂದು ಕಂಡಕ್ಟರ್, ನಮ್ಮಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಕರೆದು, ಕೇಳಿದ. "ಮಣಿಪಾಲದಲ್ಲಿ ಮದುವೆ ಉಂಟಾ?"

"ಮದುವೆ ಅಲ್ಲ, ಕೇಸು. ಇದು ಸಾಕ್ಷಿ."

"ಸಾಕ್ಷಿಗೆ ಟಿಕೆಟ್ ಬೇಡ, ನಿಮಗೆ ಬೇಕು."

ಎಲ್ಲರೂ ನಕ್ಕರು. ತಾಯಿ ಟೀಚರಿನ ಕಡೆ ತಿರುಗಿ, "ನಾನು ಅಲ್ಲಿ ಎಂತ ಮಾತಾಡುದು? ನನ್ನ ಕನ್ನಡ ಬಸ್ಸಿನ ಕನ್ನಡ. ನೀವೇ ಮಾತಾಡಿ ಆಯ್ತಾ" ಎಂದರು. ಟೀಚರ್ ತಾವು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಪಾಠ ಮಾಡುತ್ತಿದ್ದರು ಎಂದು ಕಾಣುತ್ತದೆ. ಆಯಿತು ಎಂದು ತಲೆಯಾಡಿಸಿದರು, ಅಷ್ಟೇ.

ಸಭಾಂಗಣ ಅರ್ಧದಷ್ಟೂ ತುಂಬಿರಲಿಲ್ಲ. ವೇದಿಕೆಯ ಮೇಲೆ ಹೊರಜಿಲ್ಲೆಯಿಂದ ಬಂದ ಅಧಿಕಾರಿ. ಕೆಟ್ಟ ಮನುಷ್ಯ ಎಂದು ನಾನು ಹೇಳುವುದಿಲ್ಲ. ಎಲ್ಲರಿಗೂ ಕೈ ಮುಗಿಯುತ್ತಿದ್ದರು. ಬದಿಯ ಮೇಜಿನಲ್ಲಿ ಗುಮಾಸ್ತ. ಯಾರು ಏನು ಹೇಳಿದರೂ ಅದನ್ನು ಅವನು ಒಂದು ವಾಕ್ಯವಾಗಿ ಟೈಪು ಮಾಡುತ್ತಿದ್ದ. ಅದು ಹಾಗೆಯೇ ಪರದೆಯ ಮೇಲೆ ಕಾಣುತ್ತಿತ್ತು. ಹೇಳಿದವರ ಎದುರೇ ಬರೆದುಕೊಳ್ಳುವ ಈ ಏರ್ಪಾಟು ಮೊದಲಿಗೆ ನನಗೆ ಬಹಳ ಮೆಚ್ಚುಗೆಯಾಗಿತ್ತು.

ನಮಗಿಂತ ಮೊದಲು ಒಬ್ಬ ಕಾಲೇಜು ಹುಡುಗಿ ಮಾತಾಡಿದಳು. ಎಂಟು ವರ್ಷದ ಮಗು ಗಣಿತದಲ್ಲಿ ತಪ್ಪಿದ್ದನ್ನು ಅದಕ್ಕೆ ಮೀಸೆ ಬರುವವರೆಗೆ ಯಾಕೆ ಇಟ್ಟುಕೊಳ್ಳಬೇಕು ಎಂದು ಕೇಳಿದಳು. ಸಭೆ ನಕ್ಕಿತು. ಪರದೆಯಲ್ಲಿ ಬಂತು: ‘ದತ್ತಾಂಶದ ಭದ್ರತೆ ಕುರಿತು ಸಲಹೆ ನೀಡಿರುತ್ತಾರೆ.’ ಅವಳು ಹಾಗೆ ಹೇಳಿರಲಿಲ್ಲ. ಆದರೂ ಹೆಗಲು ಕುಣಿಸಿ ಹೋದಳು. ಆಗಲೇ ನಾನು ಎಚ್ಚೆತ್ತುಕೊಳ್ಳಬಹುದಿತ್ತು.

ನಾನು ಮಾತಾಡಿದೆ. ಬುಟ್ಟಿ, ಚೆಂಡು, ಅಟ್ಟೆ, ಎಂಟು, ಎರಡು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅಧಿಕಾರಿ ಗಮನವಿಟ್ಟು ಕೇಳಿದರು.

"ಆದ್ರೆ ಸರ್, ಆಯ್ಕೆಯಲ್ಲಿ ಎಂಟು ಇತ್ತಲ್ಲ?"

"ಇತ್ತು. ಎರಡು ಎಂಬುದೂ ಇತ್ತು. ಅವರ ಮನೆಯಲ್ಲಿ ಎಂಟು ಚೆಂಡಿಗೆ ಎರಡು ಎನ್ನುವುದೇ ಉತ್ತರ."

"ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆ ಸರ್. ಒಂದೊಂದು ಊರಿನ ಹೂವು ನೋಡ್ಕೊಂಡು ಪ್ರಶ್ನೆ ಮಾಡೋಕಾಗುತ್ತಾ? ನೀವೇ ಹೇಳಿ, ನೀವು ಸ್ಟ್ಯಾಟಿಸ್ಟಿಕ್ಸ್ ಅವರು."

ಪ್ರಶ್ನೆ ಒಂದೇ ಇರಲಿ, ಆದರೆ ಉತ್ತರದ ಅರ್ಥವನ್ನು ಊರಿನವರನ್ನು ಕೇಳದೆ ಹೇಳಬೇಡಿ ಎಂದೆ. ಪರದೆಯಲ್ಲಿ ಬಂತು: ‘ಪ್ರಶ್ನೆಪತ್ರಿಕೆಯಲ್ಲಿ ಹೂವಿನ ಬಗ್ಗೆ ಸಲಹೆ ನೀಡಿರುತ್ತಾರೆ.’

ತಾಯಿ ಮೈಕಿನ ಬಳಿಗೆ ಹೋಗಲಿಲ್ಲ. ನೇರವಾಗಿ ವೇದಿಕೆಯ ಮೇಜಿಗೆ ಹೋಗಿ ಬಾಳೆಎಲೆ ಬಿಚ್ಚಿ ನಾಲ್ಕು ಚೆಂಡು ಮಲ್ಲಿಗೆಯನ್ನು ಸಾಲಾಗಿ ಇಟ್ಟರು. "ನೋಡಿ, ಇದು ಒಂದು" ಎಂದು ಎಲ್ಲವನ್ನೂ ಒಟ್ಟಿಗೆ ಕೈಯಿಂದ ಬಳಸಿ ತೋರಿಸಿದರು.

ಅಧಿಕಾರಿ ಕುರ್ಚಿ ಹಿಂದಕ್ಕೆ ಸರಿಸಿದರು. "ಅಯ್ಯೋ, ಇದೆಲ್ಲ ಬೇಡಮ್ಮಾ. ನಾವು ಯಾರಿಂದಲೂ ಏನೂ ತಗೊಳ್ಳೋ ಹಾಗಿಲ್ಲ."

"ನಿಮಗೆ ಕೊಡ್ಲಿಕ್ಕೆ ತಂದದ್ದಲ್ಲ. ಲೆಕ್ಕ ಮಾಡ್ಲಿಕ್ಕೆ ತಂದದ್ದು."

"ಗೊತ್ತಾಯ್ತಮ್ಮಾ, ಗೊತ್ತಾಯ್ತು" ಎಂದು ಅವರು ಕೈ ಮುಗಿದರು. ಜವಾನ ಬಂದು ಹೂವನ್ನು ಎತ್ತಿಕೊಂಡ. ಒಂದು ಕ್ಷಣ ಎಲ್ಲಿಡುವುದೆಂದು ತಿಳಿಯದೆ ನಿಂತು, ಗೋಡೆಯ ದೇವರ ಪಟಕ್ಕೆ ಒಂದು ಚೆಂಡನ್ನು ಬಿಚ್ಚಿ ಹಾಕಿ, ಉಳಿದ ಮೂರನ್ನು ಪಟದ ಕೆಳಗಿನ ಹಲಗೆಯ ಮೇಲೆ ಇಟ್ಟ. ಕೆಲವರು ಚಪ್ಪಾಳೆ ತಟ್ಟಿದರು. ಅವರು ಯಾವುದಕ್ಕೆ ತಟ್ಟಿದರೆಂದು ನನಗೆ ಈಗಲೂ ಗೊತ್ತಿಲ್ಲ. ತಾಯಿ ಬಂದು ನನ್ನ ಪಕ್ಕ ನಿಂತರು. ಪರದೆಯಲ್ಲಿ ಆಕೆಯ ಹೆಸರಿನ ಮುಂದೆ ಏನೂ ಬರಲಿಲ್ಲ.

ಬಳಿಕ ಟೀಚರ್. ಅವರು ಕಾಗದ ಹಿಡಿದಿರಲಿಲ್ಲ. ತರಗತಿಯಲ್ಲಿ ಮಾತಾಡುವ ಹಾಗೆ, ಒಂದೊಂದು ಪದವನ್ನೂ ಪೂರ್ತಿ ಉಚ್ಚರಿಸಿ ಹೇಳಿದರು. ಈ ಮಕ್ಕಳಿಗೆ ಕೂಡಲು ಬರುತ್ತದೆ, ಭಾಗಿಸಲೂ ಬರುತ್ತದೆ, ಬೇಕಾದರೆ ಬಂದು ಕೇಳಿ ನೋಡಿ ಎಂದರು.

"ಮೂರನೇ ಕ್ಲಾಸಿಗೆ ನಾಲ್ಕರಿಂದ ಭಾಗ ಮಾಡ್ತಾರೆ ಅಂತೀರಾ ಮೇಡಂ?" ಅಧಿಕಾರಿಗೆ ನಿಜವಾಗಿಯೂ ಕುತೂಹಲ ಹುಟ್ಟಿತ್ತು. "ಅದು ಮನೇಲಿ ಕಲಿತಿದ್ದಾ?"

ಇಲ್ಲಿ ನಾನು ನಿಧಾನ ಮಾಡಬೇಕು. ಟೀಚರ್ ಮೈಕಿನಿಂದ ಮುಖ ತಿರುಗಿಸಿದರು. ಅವರ ಕಣ್ಣು ಒಮ್ಮೆ ತಾಯಿಯ ಕಡೆ ಬಂತು. ಹೌದು, ಮನೆಯಲ್ಲಿ ಕಲಿತದ್ದು ಎಂದುಬಿಟ್ಟಿದ್ದರೆ ಆಗುತ್ತಿತ್ತು. ತಾಯಿ ಕೂಡ ಹಾಗೆಯೇ ಹೇಳಲಿ ಎಂಬಂತೆ ಗಲ್ಲ ಮೇಲೆತ್ತಿ ಸನ್ನೆ ಮಾಡಿದರು. ಅದನ್ನು ನಾನು ನೋಡಿದೆ.

"ಅಲ್ಲ ಸರ್. ಚೆಂಡು, ಅಟ್ಟೆ ಮನೆಯದ್ದು. ಭಾಗಾಕಾರ ನಾನು ಕಲಿಸಿದ್ದು. ಪುಸ್ತಕದಲ್ಲಿ ಪೆನ್ಸಿಲು, ಗೋಲಿ ಎಲ್ಲ ಉಂಟು. ಆದರೆ ಅಟ್ಟೆಯಲ್ಲಿ ಹೇಳಿದರೆ ಈ ಮಕ್ಕಳಿಗೆ ಬೇಗ ತಲೆಗೆ ಹೋಗುತ್ತದೆ. ಹಾಗಾಗಿ ನಾನು ಅಟ್ಟೆಯಲ್ಲೇ ಕಲಿಸಿದೆ."

ಗುಮಾಸ್ತನ ಬೆರಳು ಓಡಿತು. ‘ಸದರಿ ಅತಿಥಿ ಶಿಕ್ಷಕಿಯವರು ಪಠ್ಯಕ್ರಮದಲ್ಲಿ ಇಲ್ಲದ ಅಳತೆಯನ್ನು ತರಗತಿಯಲ್ಲಿ ಬೋಧಿಸಿರುವುದಾಗಿ ಒಪ್ಪಿಕೊಂಡಿರುತ್ತಾರೆ.’

ಟೀಚರ್ ಅದನ್ನು ಓದಿದರು. ಓದುವಾಗ ಅವರ ತುಟಿ ಅಲ್ಲಾಡಿತು.

ನಾನು ಮೈಕಿಲ್ಲದೆಯೇ ಕೂಗಿದೆ. "ಒಪ್ಪಿಕೊಂಡದ್ದಲ್ಲ ಸಾರ್. ಹೇಳಿದ್ದು. ‘ಹೇಳಿರುತ್ತಾರೆ’ ಅಂತ ಹಾಕಿ."

"ಎರಡೂ ಒಂದೇ ಅಲ್ವಾ ಸಾರ್" ಎಂದ ಗುಮಾಸ್ತ.

"ಒಂದೇ ಆದರೆ ಬದಲಿಸಿ."

"ಸೇವ್ ಆಯ್ತು. ಸೇವ್ ಆದ್ಮೇಲೆ ಎಡಿಟ್ ಬರುದಿಲ್ಲ ಸಾರ್ ಇದ್ರಲ್ಲಿ. ನಮ್ಮ ಕೈಯಲ್ಲಿ ಇಲ್ಲ."

ನಾನು ಮತ್ತೆ ಹೇಳಹೊರಟೆ. ಅಧಿಕಾರಿ ಕೈ ಎತ್ತಿದರು, ಸೌಜನ್ಯದಿಂದಲೇ. "ನಿಮ್ಮ ಸರದಿ ಆಗಿದೆ ಸರ್. ಇನ್ನೂ ಅಭಿಪ್ರಾಯ ಇದ್ರೆ ವೆಬ್‌ಸೈಟಲ್ಲಿ ಹಾಕೋಕೆ ಅವಕಾಶ ಇದೆ." ಹಿಂದಿನ ಸಾಲಿನಲ್ಲಿ ಕೂತಿದ್ದ ಮುಖ್ಯೋಪಾಧ್ಯಾಯರು ಎದ್ದು ನಿಂತಿದ್ದರು. ಏನಾದರೂ ಹೇಳುತ್ತಾರೆ ಎಂದುಕೊಂಡೆ. ಬೆವರು ಒರೆಸಿಕೊಂಡು ಮತ್ತೆ ಕೂತರು. ಊಟದ ಬಿಡುವು ಘೋಷಣೆಯಾಯಿತು.

ಮೆಟ್ಟಿಲು ಇಳಿಯುವಾಗ ತಾಯಿ ಟೀಚರನ್ನು ಬೈದರು. ಪ್ರೀತಿಯಿಂದ ಬೈಯುವ ಬೈಗುಳ, ಆದರೂ ಬೈಗುಳವೇ. "ನಿಮಗೆ ಎಂತ ಆಗಿತ್ತು ಟೀಚರ್? ಮನೆಯಲ್ಲಿ ಕಲಿತದ್ದು ಅಂತ ಒಂದು ಮಾತು. ನಾನು ಹೌದು ಅಂತಿದ್ದೆ. ನನ್ನ ಕೆಲಸ ಹೋಗ್ತದಾ? ಮಲ್ಲಿಗೆ ಗಿಡವನ್ನು ಯಾರೂ ಅಮಾನತು ಮಾಡುದಿಲ್ಲ."

"ಸುಳ್ಳು ಹೇಗೆ ಹೇಳುವುದು? ಕಲಿಸಿದ್ದು ನಾನಲ್ವಾ?" ಎಂದರು ಟೀಚರ್. ಸ್ವಲ್ಪ ದೂರ ನಡೆದ ಮೇಲೆ ನನ್ನ ಕಡೆ ತಿರುಗಿ, "ಸರ್, ಒಪ್ಪಿಕೊಳ್ಳುವುದು ಎನ್ನುವ ಪದವನ್ನು ನಾನು ಮಕ್ಕಳಿಗೆ ಹೇಳಿಕೊಡುವಾಗ ‘ಕಳ್ಳ ತಪ್ಪು ಒಪ್ಪಿಕೊಂಡನು’ ಎಂದು ವಾಕ್ಯ ಮಾಡಿಸುತ್ತಿದ್ದೆ" ಎಂದರು.

ಆ ವಾರವೇ ವೆಬ್‌ಸೈಟಿನಲ್ಲಿ ಅಭಿಪ್ರಾಯ ಹಾಕಿದೆ. ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಎಂದು ಉತ್ತರ ಬಂತು. ಉಡುಪಿಯ ಕಚೇರಿಗೆ ಹೋದೆ. ಮಣಿಪಾಲದಲ್ಲಿ ಕೇಳಿ ಎಂದರು. ಮಣಿಪಾಲದಲ್ಲಿ, ಸಭೆಯ ನಡಾವಳಿ ಮೇಲಕ್ಕೆ ಹೋಗಿ ಆಯಿತು, ಅದರಲ್ಲಿ ಟೀಚರೇ ಒಪ್ಪಿಕೊಂಡದ್ದು ಉಂಟಲ್ಲ ಎಂದು ತಿರುಗಿ ನನಗೇ ಹೇಳಿದರು. ವಿವರಣೆ ದಾಖಲಾದರೆ ಮರುಪರಿಶೀಲನೆ ಎಂಬ ಮಾತನ್ನು ಅವರು ಉಳಿಸಿಕೊಂಡರು. ಮರುಪರಿಶೀಲನೆ ಮಾಡಿದರು, ಆ ದಾಖಲೆಯನ್ನೇ ನೋಡಿ ಮಾಡಿದರು.

ಜೂನಿನಲ್ಲಿ ಶಾಲೆಗೆ ಬೇರೆ ಅತಿಥಿ ಶಿಕ್ಷಕಿ ಬಂದರು. ಒಳ್ಳೆಯವರಂತೆ. ಅವರು ಗೋಲಿಯಲ್ಲಿ ಕಲಿಸುತ್ತಾರೆ.

ಈ ವರ್ಷ ಮತ್ತೆ ಸಮೀಕ್ಷೆ ನಡೆಯಿತು. ನನ್ನನ್ನು ವೀಕ್ಷಕನಾಗಿ ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ. ಹೋಗಿದ್ದ ಸಹೋದ್ಯೋಗಿಯೊಬ್ಬ ಸ್ಟಾಫ್ ರೂಮಿನಲ್ಲಿ ಪ್ರಶ್ನೆಗಳ ವಿಷಯ ಹೇಳುತ್ತಿದ್ದ. ಅದೇ ಬುಟ್ಟಿ, ಅದೇ ಮೂರು, ಅದೇ ಐದು. ಚೆಂಡಿನ ಜಾಗದಲ್ಲಿ ಮಾತ್ರ ಲಿಂಬೆಹಣ್ಣು.

ಟೀಚರ್ ಈಗ ಕಾರ್ಕಳದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಮಡಚುವ ಕೆಲಸದಲ್ಲಿದ್ದಾರೆ. ಮೊದಲು ಉಚ್ಚಿಲದಿಂದ ಉತ್ತರಕ್ಕೆ ಬಸ್ಸು ಹಿಡಿಯುತ್ತಿದ್ದವರು ಈಗ ದಕ್ಷಿಣಕ್ಕೆ ಹಿಡಿಯುತ್ತಾರೆ, ಹಾಗಾಗಿ ವಾರದಲ್ಲಿ ಒಂದೆರಡು ದಿನ ನನ್ನ ಬಸ್ಸಿಗೇ ಹತ್ತುತ್ತಾರೆ. ಲಿಂಬೆಹಣ್ಣಿನ ವಿಷಯ ಹೇಳಬಾರದು ಎಂದುಕೊಂಡಿದ್ದೆ. ನಂದಿಕೂರು ಹತ್ತಿರವಾಗುವಾಗ ಅವರೇ ಕೇಳಿದರು.

"ಈ ಸಲ ಚೆಂಡು ತೆಗೆದರಂತೆ ಅಲ್ವಾ ಸರ್? ಹುಡುಗಿಯ ಅಮ್ಮ ಫೋನು ಮಾಡಿದ್ದರು."

"ಹೌದು. ಲಿಂಬೆಹಣ್ಣು ಹಾಕಿದ್ದಾರೆ."

ಅವರು ಕಿಟಕಿಯ ಹೊರಗೆ ನೋಡಿದರು. ಬಸ್ಸು ಜನ ಇಳಿಸಿ ಮತ್ತೆ ಹೊರಟಿತು.

"ಹಾಗಾದರೆ ಅವರಿಗೆ ಅಂದೇ ಅರ್ಥ ಆಗಿತ್ತು" ಎಂದರು. "ಪಾಪ, ಅವರಿಗೆ ಅರ್ಥ ಆಗಲಿಲ್ಲ ಎಂದು ನಾನು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ."

ಕಾರ್ಕಳದಲ್ಲಿ ಅವರು ಮುಂದಿನ ಬಾಗಿಲಿನಿಂದ ಇಳಿದರು, ನಾನು ಹಿಂದಿನದರಿಂದ.

ಆ ವಾಕ್ಯ ಪರದೆಯ ಮೇಲೆ ಬರುವುದನ್ನು ಕಂಡವರಲ್ಲಿ ಮುಖ್ಯೋಪಾಧ್ಯಾಯರು ಈಗ ಇಲ್ಲ. ನಿವೃತ್ತಿಯಾದ ಮಳೆಗಾಲದಲ್ಲಿ ತೀರಿಕೊಂಡರು. ಅಧಿಕಾರಿ ವರ್ಗವಾಗಿ ಹೋದರು, ಬೇರೆ ಜಿಲ್ಲೆಯಲ್ಲಿ ಇದ್ದಾರೆ. ಜವಾನ ಇದ್ದಾನೆ. ಗುಮಾಸ್ತ ಅದೇ ಕಟ್ಟಡದಲ್ಲಿ ಅದೇ ಮೇಜಿನಲ್ಲಿ ಇದ್ದಾನೆ. ನನ್ನನ್ನು ಕಂಡರೆ ನಮಸ್ಕಾರ ಹೇಳುತ್ತಾನೆ. ಮೀಸೆ ಎಂದು ನಗಿಸಿದ ಕಾಲೇಜು ಹುಡುಗಿ ಊಟದ ಬಿಡುವಿನವರೆಗೂ ಅಲ್ಲೇ ಕೂತಿದ್ದಳು, ಅವಳೂ ಎಲ್ಲಿಯೋ ಇರಬೇಕು. ಹುಡುಗಿಯ ತಾಯಿ ಇದ್ದಾರೆ. ಟೀಚರ್ ಇದ್ದಾರೆ. ನಾನು ಹೇಳಿದ್ದು ಸರಿಯಲ್ಲ ಎನಿಸಿದರೆ ಇವರಲ್ಲಿ ಯಾರನ್ನಾದರೂ ಕೇಳಬಹುದು.